ಉಳಿದ ಅರ್ಧ ಮಾತು

ನನ್ನ ಗಂಡ ಶಂಕ್ರಪ್ಪನವರಿಗೆ ಒಂದು ರೂಢಿಯಿದೆ. ಇಳಕಲ್ಲ ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮ ಖಾನಾವಳಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಉಂಡು ಹೊರಡುವ ಪ್ರತಿಯೊಬ್ಬರಿಗೂ "ಹೋಗಿ ಬರ್ರಿ" ಅನ್ನುತ್ತಾರೆ. ನಮ್ಮ ಕಡೆ ಬರೀ "ಹೋಗು" ಅಂದರೆ ಜಗಳ ತೆಗೆದ ಹಾಗೆ. ಹಾಗಂತ ಅವರದು ಬೆಣ್ಣೆಯಂಥ ಮನಸ್ಸು ಅಂತ ತಿಳಿಯಬೇಡಿ. ತಾಟಿಗೆ ಸೌತೆಕಾಯಿ ಹೋಳೊಂದು ಜಾಸ್ತಿ ಬಿದ್ದರೂ ನನ್ನನ್ನು ಕಣ್ಣಲ್ಲೇ ನುಂಗುವ ಆಸಾಮಿ.

ಬೇಸಿಗೆಯ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಮಲಗುವ ಅಜ್ಜನೊಬ್ಬ ನೀರು ಕೇಳಿ ಬಂದ. ಮನೆಯಿಲ್ಲ, ಮಂದಿಯಿಲ್ಲ, ಕಂಬಳಿಯ ಗಂಟೊಂದೇ ಆಸ್ತಿ. ನಾನು ತಂಬಿಗೆ ಕೊಟ್ಟೆ. ಕುಡಿದು ತಿರುಗಿದವನಿಗೆ ನಮ್ಮವರು ಮುಖ ಕೂಡ ನೋಡದೆ "ಹೋಗಿ ಬರ್ರಿ" ಅಂದುಬಿಟ್ಟರು.

ಮರುದಿನ ಊಟದ ಹೊತ್ತಿಗೆ ಅಜ್ಜ ಬಾಗಿಲಲ್ಲಿ ನಿಂತಿದ್ದ. ಮುಖ ತೊಳೆದು, ತಲೆ ಬಾಚಿಕೊಂಡಿದ್ದ.

"ಬಂದೇನ್ರಿ ಸಾವಕಾರ್ರ."

"ಯಾಕ ಬಂದಿ?" ಅಂದರು ಇವರು.

"ನೀವ ಹೋಗಿ ಬರ್ರಿ ಅಂದಿದ್ರೆಲ್ಲಾ. ಎಲ್ಲಾರೂ ಮುಂದ ಹೋಗು ಅಂತಾರ. ಬಾ ಅಂದಾವ್ರು ನೀವೊಬ್ಬರ."

ನನಗೆ ನಗು ತಡೆಯಲಾಗಲಿಲ್ಲ. "ಆಡಿದ ಮಾತು ನುಂಗಾಕ ಬರೂದಿಲ್ರಿ" ಎಂದು ಗಂಡನಿಗೆ ಹೇಳಿ, ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅಜ್ಜನಿಗೆ ಕೊಟ್ಟೆ.

ಅಂದಿನಿಂದ ದಿನವೂ ಗಿರಾಕಿಗಳ ಗದ್ದಲ ಇಳಿದ ಮೇಲೆ ಬರುತ್ತಿದ್ದ. ಕಟ್ಟೆಯ ಮೇಲೆ ಕೂತು ಉಂಡು, ಏಳುವಾಗ ಗಲ್ಲಾದ ಕಡೆ ನೋಡುತ್ತಿದ್ದ. ನಮ್ಮವರು ಗೊಣಗುತ್ತಲೇ "ಹೋಗಿ ಬಾ" ಅಂದ ಮೇಲೆಯೇ ಮೆಟ್ಟಿಲು ಇಳಿಯುತ್ತಿದ್ದ. ಕರೆಸಿಕೊಂಡು ಬಂದವನೆಂಬ ಗತ್ತು ಅವನಿಗೆ.

ಶ್ರಾವಣದಲ್ಲಿ ಒಂದು ದಿನ ಸೀರೆ ಖರೀದಿಗೆ ಬಂದ ಕುಟುಂಬವೊಂದು ಊಟಕ್ಕೆ ಕೂತಿತ್ತು. ಅವರಲ್ಲೊಬ್ಬಾಕೆ ಕಟ್ಟೆಯ ಕಡೆ ನೋಡಿ ಮೂಗು ಮುಚ್ಚಿಕೊಂಡಳು. ಎಲ್ಲರೂ ಅರ್ಧಕ್ಕೇ ಎದ್ದು ಹೋದರು. ನಮ್ಮವರ ಪಿತ್ತ ನೆತ್ತಿಗೇರಿತು.

"ಏಳು, ಹೋಗು!" ಅಂದರು ಅಜ್ಜನಿಗೆ.

ಅಜ್ಜ ಎದ್ದು ಕೈ ತೊಳೆದ. ಗಲ್ಲಾದ ಕಡೆ ನೋಡುತ್ತ ನಿಂತ. ಉಳಿದ ಮಾತಿಗೆ ಕಾಯುತ್ತಿದ್ದಾನೆಂದು ನನಗೂ ತಿಳಿಯಿತು, ಇವರಿಗೂ ತಿಳಿಯಿತು. ಇವರು ಬಾಯಿ ಬಿಡಲಿಲ್ಲ. ಅವನು ಗಂಟು ಹೆಗಲಿಗೇರಿಸಿ ಹೊರಟುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಗಂಡನ ಜೊತೆ ಮಾತು ಬಿಟ್ಟು, ಹೇಳಬೇಕಾದ್ದನ್ನೆಲ್ಲ ರೊಟ್ಟಿ ಬಡಿಯುವ ಸದ್ದಿನಲ್ಲೇ ಹೇಳಿದೆ. ಅವರಿಗೂ ಊಟ ಸೇರುತ್ತಿರಲಿಲ್ಲ.

"ನೀನರ ಹೋಗಿ ಕರಕೊಂಡ ಬಾ ನಾಗರತ್ನಾ," ಅಂದರು ಕೊನೆಗೆ.

"ನಾ ಯಾಕ ಹೋಗ್ಲಿ? ಮಾತು ನಿಮ್ದು."

ಚಪ್ಪಲಿ ಮೆಟ್ಟಿ ಹೊರಟರು. ಹಿಟ್ಟಿನ ಕೈಯಲ್ಲೇ ನಾನೂ ಹಿಂದೆ ಹೋದೆ. ಬಾದಾಮಿ ಬಸ್ಸು ನಿಲ್ಲುವಲ್ಲಿ ಅಜ್ಜ ಗಂಟು ತಬ್ಬಿಕೊಂಡು ಕೂತಿದ್ದ.

"ಎಲ್ಲಿಗೆ ಹೊಂಟಿ ಅಜ್ಜಾ?" ಅಂದರು ಇವರು.

"ಬನಶಂಕರಿಗೆರಿ. ಗುಡಿ ಮುಂದ ಕುಂತರ ಯಾರರ ಏನರ ಹಾಕ್ತಾರ."

"ಬಾ, ರೊಟ್ಟಿ ಆರತಾವು."

ಅಜ್ಜ ಏಳಲಿಲ್ಲ. "ಉಂಡ ಮ್ಯಾಲೆ ಏನಂತೀರಿ?" ಎಂದು ಕೇಳಿದ.

ಊರೆಲ್ಲರಿಗೂ ಆ ಮಾತು ಹಂಚಿದ ಬಾಯಿ ತಡವರಿಸಿತು. ಇವರ ಕಣ್ಣು ತುಂಬಿದ್ದು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಹೋಗಿ ಬರ್ರಿ ಅಂತೇನಿ," ಅಂದರು.

"ಹಂಗಾರ ಬರ್ತೇನಿ," ಎಂದು ಅಜ್ಜ ಗಂಟೆತ್ತಿಕೊಂಡ.