ಹದಿನಾಲ್ಕು ನಮಸ್ಕಾರ

ಒಂದು ಊರು, ಆ ಊರಿನಲ್ಲೊಂದು ಮನೆ, ಆ ಮನೆಯ ಗೋಡೆಗೆ ಒಂದು ದಿನ ಕಣ್ಣು ಮೂಡಿತಂತೆ, ಯಾರು ಎದುರಿಗೆ ಹಾಯ್ದರೂ ಆ ಕಣ್ಣು ನೋಡುತ್ತಿತ್ತಂತೆ, ನೋಡಿದ ಕೂಡಲೇ ದೀಪ ತಾನೇ ಹತ್ತುತ್ತಿತ್ತಂತೆ — ಹೂಂ ಅನ್ನಬೇಕು, ಹೂಂ ಅನ್ನದಿದ್ದರೆ ಕಥೆ ದಾರಿ ತಪ್ಪಿ ಅಡವಿ ಸೇರುತ್ತದೆ ಎನ್ನುತ್ತಿದ್ದಳು ಆಯಿ, ಅಪ್ಪನ ಅವ್ವ, ಆದರೆ ಈ ಕಥೆಗೆ ಹೂಂ ಅನ್ನುವವರು ಯಾರು, ಸ್ಟೂಲಿನ ಮೇಲೆ ನಿಂತ ಭಾಗ್ಯಳ ಮೂಗಿನ ನೇರಕ್ಕೇ ಆ ಕಣ್ಣಿದೆ, ಕೋಳಿಮೊಟ್ಟೆಯನ್ನು ಅರ್ಧಕ್ಕೆ ಕೊಯ್ದು ಗೋಡೆಗೆ ಅಂಟಿಸಿದಂತೆ, ಒಳಗೆ ಸಾಸಿವೆಯಷ್ಟು ಕೆಂಪು ಚುಕ್ಕೆ, ಅವಳ ಕೈ ಅಲುಗಿದ್ದೇ ತಡ ಟಕ್ಕೆಂದು ನಡುಮನೆಯ ಬಲ್ಬು ಹತ್ತಿತು, ಹತ್ತಿದ್ದು ನೋಡಿ ಮೈ ಹಿಡಿಯಾಯಿತು. ಹೊರಗೆ ನಾಲ್ಕು ಗಂಟೆಯ ಬಿಸಿಲು ಪಡಸಾಲೆಯ ಹೊಸ್ತಿಲವರೆಗೆ ಬಂದು ನಿಂತಿದೆ, ಒಳಗೆ ಬರುವುದಿಲ್ಲ, ಶಿರೂರಿನ ಈ ಹಳೆಯ ಮನೆಯ ನಡುಮನೆಗೆ ಹಗಲು ಎಂದೂ ಸರಿಯಾಗಿ ಬಂದದ್ದಿಲ್ಲ, ಅದಕ್ಕೇ ಅಲ್ಲವೇ ಇದನ್ನೆಲ್ಲ ಮಾಡಿದ್ದು, ಅದಕ್ಕೇ, ಖರೆ ಅದಕ್ಕೇ, ಆಯಿ ಬಚ್ಚಲಿಗೆ ಹೋಗುವಾಗ ಜೋಳದ ಚೀಲ ಎಡವಿ ಬಿದ್ದು ಮೊಣಕಾಲು ಬಾತುಕೊಂಡಿತ್ತು, ಸ್ವಿಚ್ಚು ಆಚೆಯ ಬಾಗಿಲ ಹಿಂದೆ, ಕತ್ತಲೆ ದಾಟಿದ ಮೇಲೆ ಬೆಳಕು ಸಿಗುವ ಮನೆ ಇದು, ಯಾರು ಕಟ್ಟಿದರೋ. ಹಿತ್ತಲಿನಿಂದ ಮೊರದ ಸದ್ದು ಬರುತ್ತಿದೆ, ಸರ್ ಸರ್, ಆಯಿ ಹೆಸರುಕಾಳು ಕೇರುತ್ತಿದ್ದಾಳೆ, ಕೇರುವುದು ನಿಲ್ಲುತ್ತದೆ, ಕಲ್ಲು ಹೆಕ್ಕುತ್ತಾಳೆ, ಮತ್ತೆ ಸರ್ ಸರ್. ಇವತ್ತ ದೀಪ ಹಚ್ಚೂದ್ರೊಳಗ ಈ ಕಣ್ಣ ತೆಗೆದು ಹಳೇ ಸ್ವಿಚ್ಚಿನ ಗುಂಡಿ ಕೂಡಸ್ತೀನಿ ಆಯಿ, ಎಂದು ಬೆಳಿಗ್ಗೆ ಹೇಳಿದ್ದಾಳೆ, ನಿನ್ನೆಯೂ ಹೇಳಿದ್ದಳು, ಮೊನ್ನೆಯೂ, ಒಂಬತ್ತು ದಿನದಿಂದ ಹೇಳುತ್ತಲೇ ಇದ್ದಾಳೆ, ಆಯಿ ಪ್ರತಿ ಸಲ ಹೂಂ ಅನ್ನುತ್ತಾಳೆ, ಕಥೆ ಕೇಳುವವರು ಅಂದಂತೆ.

ಮೇನ್ ಬಂದ್ ಮಾಡೀಯೇನ, ಇಲ್ಲಾ ಹಂಗ ಕೈ ಹಾಕಾಕತ್ತೀಯೋ, ಅಡುಗೆಮನೆಯಿಂದ ಅವ್ವನ ದನಿ, ಮಾಡ್ತೀನಿ ತಡೀಬೇ ಎಂದಳು, ಮಾಡ್ತೀನಿ ಮಾಡ್ತೀನಿ, ಎಲ್ಲಾದಕ್ಕೂ ಮಾಡ್ತೀನಿ ಅಂತೀ ನೀ, ಎಂದು ದಾನಮ್ಮ ಬಾಂಡೆಯನ್ನು ನೆಲಕ್ಕೆ ಬಡಿದಳು, ಆ ಸದ್ದಿನಲ್ಲಿ ಉಳಿದ ಮಾತೂ ಇತ್ತು, ಆಯಿಯ ಮೊಣಕಾಲ ಕೆಳಗೆ ಕಪ್ಪಗೆ ಹೆಪ್ಪುಗಟ್ಟಿದ್ದನ್ನು ನಿನ್ನೆ ಎಣ್ಣೆ ಹಚ್ಚುವಾಗ ಕಂಡವಳು ಅವ್ವನೇ, ಅತ್ತಿ, ಇದ್ಯಾವಾಗ ಬಡಕೊಂಡ್ರಿ ಎಂದರೆ ಆಯಿ, ಏನಿಲ್ಲಬೇ ದಾನವ್ವ, ಒಳಕಲ್ಲ ಅಡ್ಡ ಬಂತು, ಎಂದಳಂತೆ. ನೂರು ವರ್ಷದಿಂದ ಕುಂತಲ್ಲೇ ಕುಂತ ಒಳಕಲ್ಲು ಅಡ್ಡ ಬರುತ್ತದೆಯೇ. ಭಾಗ್ಯಳಿಗೆ ಗೊತ್ತು, ಆಯಿ ಈಗ ನಡುಮನೆಯ ನಡುವೆ ನಡೆಯುವುದಿಲ್ಲ, ಗೋಡೆ ಹಿಡಿದು, ಸೊಂಟ ಬಗ್ಗಿಸಿ, ಆ ಕಣ್ಣಿನ ಕೆಳಗೆ ಕಣ್ಣಿಗೆ ಕಾಣದಂತೆ ಸರಿದು ಹೋಗುತ್ತಾಳೆ, ಎಪ್ಪತ್ತಾರು ವರ್ಷದ ಸೋಮವ್ವ ತನ್ನ ಮನೆಯಲ್ಲೇ ಕಳ್ಳಿಯ ಹಾಗೆ, ದೀಪ ಹತ್ತಬಾರದು ಎಂದು, ದೀಪ ಹತ್ತಿದರೆ ಕೈ ಏಳುತ್ತದೆ ಎಂದು. ಭಾಗ್ಯಾ ಇಳಿದು ಹೋಗಿ ಮೇನ್ ಕೆಡವಿದಳು, ಮನೆಯೆಲ್ಲ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಫ್ರಿಜ್ಜು ಸುಮ್ಮನಾಯಿತು, ಕೆಂಪು ಚುಕ್ಕೆ ಆರಿತು, ಈಗ ಅದು ಬರೀ ಪ್ಲಾಸ್ಟಿಕ್ಕು, ಇದನ್ನು ತರಿಸಲು ಎಷ್ಟು ಕನಸು ಕಂಡಿದ್ದಳು, ಬಾಗಲಕೋಟೆಯ ಬಸ್ಸಿನಲ್ಲಿ ಕಿಡಕಿಗೆ ತಲೆ ಆನಿಸಿ ಎಷ್ಟು ವಿಡಿಯೋ ನೋಡಿದ್ದಳು, ಕಡ್ಡಿಪೆಟ್ಟಿಗೆಯಷ್ಟು ಬೋರ್ಡು, ಅದಕ್ಕೊಂದು ರಿಲೇ, ಅದಕ್ಕೊಂದು ಸೆನ್ಸಾರ್, ಫೋನಿನಲ್ಲಿ ಬೆರಳು ತಾಗಿಸಿದರೆ ಕೊಟ್ಟಿಗೆಯ ಫ್ಯಾನು ತಿರುಗುತ್ತದೆ, ಹೊಂಡದ ಮೋಟರು ನಿಲ್ಲುತ್ತದೆ, ಏಳು ಸಮುದ್ರದಾಚೆಯ ಗಿಣಿಯಲ್ಲಿ ಜೀವ ಇಟ್ಟ ರಾಕ್ಷಸನಂತೆ ಇಡೀ ಮನೆಯ ಜೀವ ತನ್ನ ಅಂಗೈಯಲ್ಲಿ, ಅಪ್ಪ ಬಂದವರಿಗೆಲ್ಲ ಕೈಹಿಡಿದು ನಡುಮನೆ ತೋರಿಸಿದ, ನೋಡ್ರಿ, ಗುಂಡಿ ಒತ್ತೂದ ಬ್ಯಾಡ.

ಮೊದಲ ದಿನ ಆಯಿ ಒಳಗೆ ಕಾಲಿಟ್ಟಳು, ದೀಪ ತಾನೇ ಹತ್ತಿತು, ಆಯಿ ಗಕ್ಕನೆ ನಿಂತಳು, ಎರಡೂ ಕೈ ಜೋಡಿಸಿ ಹಣೆಗೆ ಒತ್ತಿ, ಬಂದ್ಯಾ ನಮ್ಮವ್ವ, ಬಾ, ಮನಿ ನಿಂದ, ಎಂದಳು. ಮುಸ್ಸಂಜೆ ಮೊದಲ ದೀಪ ಹತ್ತಿದಾಗ ಈ ಮನೆಯಲ್ಲಿ ಎಲ್ಲರೂ ಕೈಮುಗಿಯುವುದೇ, ಬಾಯಲ್ಲಿ ತುತ್ತಿದ್ದವರೂ, ಜಗಳದ ನಡುವೆ ಇದ್ದವರೂ, ಭಾಗ್ಯಾ ಸಣ್ಣವಳಿದ್ದಾಗ ನಿದ್ದೆಗಣ್ಣಿನಲ್ಲಿ ಮುಗಿದಿದ್ದಾಳೆ, ಆಯಿ ಹೇಳುತ್ತಿದ್ದಳು, ಬೆಳಕು ಅಂದ್ರ ಕೊಟ್ಟ ಮನಿಯಿಂದ ಬರೂ ಮಗಳು, ದಿನಾ ಸಂಜಿಕೆ ತವರಿಗೆ ಬರ್ತಾಳ, ಬಂದಾಗ ಮಾತಾಡಸದಿದ್ರ ಹೊಸ್ತಲದಾಗಿಂದನ ಹೊಳ್ಳಿ ಹೋಗ್ತಾಳ. ಚಿಮಣಿಗೂ ಮುಗಿದವಳು, ಕಂದೀಲಿಗೂ ಮುಗಿದವಳು, ಕರೆಂಟು ಬಂದ ಮೇಲೆ ಬಲ್ಬಿಗೂ, ದಿನಕ್ಕೆ ಒಂದೇ ಸಲ. ಆದರೆ ಭಾಗ್ಯಳ ದೀಪ ನಲವತ್ತು ಸೆಕೆಂಡಿಗೆ ಆರುತ್ತಿತ್ತು, ಬಚ್ಚಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಕೊಟ್ಟಿಗೆಯ ಹೆಂಡಿಕಸ ಗುಡಿಸಲು ಹೋಗುವಾಗ ಒಮ್ಮೆ, ಆಯಿ ಪ್ರತಿ ಸಲ ನಿಂತು, ಪ್ರತಿ ಸಲ ಕೈ ಜೋಡಿಸಿ, ಕೊಡ ಸೊಂಟದ ಮೇಲಿದ್ದರೆ ಕೊಡ ಇಳಿಸಿ, ಬಂದ್ಯಾ ನಮ್ಮವ್ವ. ಆಯಿ, ಅದು ಮಶೀನ್, ನೀ ಹಾದಾಗೊಮ್ಮೆ ಹತ್ತತೈತಿ, ಪ್ರತಿ ಸಲ ಮುಗೀಬ್ಯಾಡ, ಎಂದು ತಿಳಿಸಿ ಹೇಳಿದರೆ ಆಯಿ ನಕ್ಕು, ಬಂದಾಕಿನ್ನ ಇದು ಎಷ್ಟನೇ ಸಲ ಬಂದೀ ಅಂತ ಕೇಳ್ತಾರೇನ ಹುಚ್ಚಿ, ಎಂದಳು. ಎಷ್ಟು ಚೆಂದದ ಮಾತು, ಬರೆದಿಟ್ಟುಕೊಳ್ಳಬೇಕು ಎನ್ನಿಸಿತ್ತು ಅಂದು, ಬರೆದಿಟ್ಟುಕೊಳ್ಳಲಿಲ್ಲ, ಫೋನು ತೆಗೆದಳು.

ಸ್ಕ್ರೂ ತಿರುಗುತ್ತಿಲ್ಲ, ಕೈ ಬೆವತಿದೆ, ಮೊರದ ಸದ್ದು ನಿಂತಿದೆ, ಮತ್ತೆ ಶುರುವಾಯಿತು. ಉಪ್ಪಿನ ಭರಣಿಗೆ ಆನಿಸಿ ಫೋನು ನಿಲ್ಲಿಸಿದ್ದು, ಒಂದು ಸಂಜೆ, ಒಂದೂವರೆ ತಾಸು, ಹದಿನಾಲ್ಕು ನಮಸ್ಕಾರ, ಅವನ್ನು ಒಂದರ ಹಿಂದೊಂದು ಜೋಡಿಸಿ, ಓಡುವ ವೇಗ ಕೊಟ್ಟು, ಕೆಳಗೆ ಢಂಯ್ ಢಂಯ್ ಸಂಗೀತ ಹಾಕಿ, ಮೇಲೆ ಹಳದಿ ಅಕ್ಷರದಲ್ಲಿ ಆಟೋಮೆಟಿಕ್ ಆಯಿ ಎಂದು ಬರೆದು ಎಲ್ಲರೂ ನೋಡುವಂತೆ ನೆಟ್ಟಿಗೆ ಹಾಕಿದ್ದು, ಏಳು, ಮುಗಿ, ಇಳಿ, ಏಳು, ಮುಗಿ, ಇಳಿ, ಆಯಿಯ ಕೈಗಳು ಗೊಂಬೆಯ ಕೈಗಳಂತೆ, ಕಾಲೇಜಿನಲ್ಲಿ ಹುಡುಗಿಯರು ಬೆಂಚು ಬಡಿದು ನಕ್ಕರು, ಜರೀನಾ ಒಬ್ಬಳೇ ನಗಲಿಲ್ಲ, ನಮ್ಮ ದಾದೀನೂ ದೀಪ ಹಚ್ಚಿದ ಕೂಡ್ಲೆ ಎಲ್ಲಾರಿಗೂ ಸಲಾಂ ಮಾಡ್ತಾಳ, ಎಂದು ಫೋನು ತಿರುಗಿ ಕೊಟ್ಟಳು, ಅಷ್ಟೇ, ಬೈಯಲೂ ಇಲ್ಲ, ಬೈದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಮತ್ತೆ ಯಾರಿಗೂ ಗೊತ್ತಿಲ್ಲದ ಒಂದು ಮಾತಿದೆ, ಅವ್ವನಿಗೂ ಇಲ್ಲ, ಜರೀನಾಳಿಗೂ ಇಲ್ಲ, ಅದನ್ನು ನೆನೆಯಬಾರದು ಎಂದುಕೊಂಡರೆ ಅದೇ ಮೊದಲು ಬರುತ್ತದೆ — ಆ ಹದಿನಾಲ್ಕರಲ್ಲಿ ಎಂಟು ಮಾತ್ರ ಆಯಿಯವು. ಉಳಿದ ಆರು ಸಲ ಭಾಗ್ಯಳೇ ಕರೆದದ್ದು. ಆಯಿ, ಒಂದೀಟ ನೀರ ತಾರಬೇ. ಆಯಿ, ನನ್ನ ಪೆನ್ನ ಅಲ್ಲಿ ಬಿದ್ದೈತೇನ ನೋಡ. ಆಯಿ, ಬೆಕ್ಕ ಬಂತೇನ. ಕರೆದಾಗೊಮ್ಮೆ ಆಯಿ ಬಂದಳು, ಬಾತ ಮೊಣಕಾಲು ಎಳೆಯುತ್ತ ಬಂದಳು, ದೀಪ ಹತ್ತಿತು, ಭಾಗ್ಯಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗು ತಡೆದಳು. ನೀರು ಕುಡಿಯಲೂ ಇಲ್ಲ.

ಆಮೇಲೆ ಗಿರಣಿ. ಗಿರಣಿಯ ನೆನಪು ಬಂದರೆ ಹಿಟ್ಟಿನ ವಾಸನೆ ಮೊದಲು, ಬಿಸಿ ಜೋಳದ ಹಿಟ್ಟಿನ ಡಬ್ಬಿ ಸೊಂಟಕ್ಕೆ ಸುಡುತ್ತಿತ್ತು, ಕರೆಂಟು ಹೋಗಿ ಮುದಕಪ್ಪ ಗಿರಣಿ ನಿಲ್ಲಿಸಿದ್ದ, ಸಂಜೆಯ ಕತ್ತಲಲ್ಲಿ ಹೆಂಗಸರೆಲ್ಲ ಡಬ್ಬಿಗಳ ಮೇಲೆ ಕುಂತು ಹರಟುತ್ತಿದ್ದರು, ಕರೆಂಟು ಬಂತು, ಹಿಟ್ಟು ಮೆತ್ತಿದ ಬಲ್ಬು ಫಳ್ಳೆಂದು ಹತ್ತಿತು, ಆಯಿಯ ಕೈಗಳು ತಾವೇ ಎದ್ದವು, ನೋಡ್ರೇ ನೋಡ್ರೇ, ಆಟೋಮೆಟಿಕ್ ಆಯಿ ಶುರು ಆತು, ಎಂದಳು ಮಾದೇವಿ, ಗಿರಣಿಯೆಲ್ಲ ಗೊಳ್ಳೆಂದಿತು, ಆಯಿಯ ಕೈಗಳು ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತವು, ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಏನಂದಿಬೇ ಮಾದೇವಿ. ಅಯ್ಯ, ನಿನಗ ಗೊತ್ತಿಲ್ಲೇನ, ಊರೆಲ್ಲಾ ನೋಡೈತಿ, ಎಂದು ಅವಳು ಫೋನು ಹಿಡಿದಳು, ಆಯಿ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು, ಇಕಿ ಯಾರಬೇ ಈ ಮುದುಕಿ, ಹಿಂಗ್ಯಾಕ ಮಾಡ್ತಾಳ, ಎಂದು ತಾನೂ ನಕ್ಕಳು, ಆಮೇಲೆ ಗೋಡೆಯ ಗೂಟದಲ್ಲಿದ್ದ ಮಗ ಬೀರಪ್ಪನ ಕಂಬಳಿ ಗುರುತು ಹತ್ತಿತು, ಆಮೇಲೆ ಸೀರೆ. ಎಲ್ಲರೂ ಆಯಿಯ ಮುಖ ನೋಡುತ್ತಿದ್ದರು. ಆಯಿ ನಗು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಚೆನ್ನಾಗಿತ್ತು, ನಮ್ಮ ಭಾಗಿ ಮಾಡ್ಯಾಳಿದನ್ನ, ಭಾಳ ಶಾಣ್ಯಾಕಿ ಅದಾಳ ನಮ್ಮ ಭಾಗಿ, ಕರೆಂಟಿನ ಸಾಲಿ ಕಲಿಯಾಕತ್ತಾಳ, ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು, ಎದ್ದ ಕೈಗಳಿಂದ ಸೆರಗು ಸರಿಮಾಡಿಕೊಂಡಳು, ಸೆರಗು ಸರಿಯಾಗಿಯೇ ಇತ್ತು. ದಾರಿಯಲ್ಲಿ ಒಂದೇ ಮಾತು, ಅದರಾಗ ಭಾಳ ಮಂದಿ ನೋಡಿರ್ತಾರೇನ ಭಾಗಿ. ಇಲ್ಲ ಆಯಿ, ನಾಕ ಮಂದಿ. ಮೂವತ್ತೆರಡು ಸಾವಿರ ಆಗಿತ್ತು ಅಷ್ಟರಲ್ಲಿ. ಮನೆಯ ಕಟ್ಟೆ ಹತ್ತುವಾಗ ಇನ್ನೊಂದು ಮಾತು, ಆ ಹಳೇ ಗುಂಡಿ ಐತೇನಬೇ, ಹೊಳ್ಳಿ ಹಚ್ಚಾಕ ಬರತೈತೇನ. ನಾಳೆ ಹಚ್ಚತೀನಿ ಆಯಿ. ಆ ರಾತ್ರಿಯೇ ವಿಡಿಯೋ ಅಳಿಸಿದಳು ಎಂದು ಹೇಳಿದರೆ ಚೆನ್ನ, ಕಥೆಯಲ್ಲಾದರೆ ಹಾಗೇ ಆಗುತ್ತಿತ್ತು, ಆದರೆ ಅವಳು ಅಳಿಸಿದ್ದು ಮೂರು ದಿನ ಕಳೆದು, ಅಷ್ಟು ದಿನ ಬೆಳಗೆದ್ದು ಮೊದಲು ನೋಡಿದ್ದು ಎಷ್ಟಾಯಿತು ಎಂದೇ, ಮತ್ತೆ ಅಳಿಸಿ ಏನಾಯಿತು, ಊರಿನ ಫೋನುಗಳೊಳಗೆ ಆಯಿ ಇನ್ನೂ ಕೈಮುಗಿಯುತ್ತಿದ್ದಾಳೆ. ಈ ಕಣ್ಣು ತೆಗೆಯಲೂ ಒಂಬತ್ತು ದಿನ ಬೇಕಾಯಿತು, ತೆಗೆದರೆ ಅಪ್ಪ ಕೇಳುತ್ತಾನೆ, ಕಾಲೇಜಿನಲ್ಲಿ ಇದನ್ನೇ ತೋರಿಸಬೇಕಿದೆ, ಪರೀಕ್ಷೆ ಇದೆ, ತಲೆನೋವಿದೆ, ಖರೆ ಅಂದರೆ ತೆಗೆದರೆ ಒಪ್ಪಿಕೊಂಡಂತಾಗುತ್ತದೆ.

ಬಂತು ಕೊನೆಗೂ, ಸ್ಕ್ರೂ ಜಾರಿ ನೆಲಕ್ಕೆ ಬಿದ್ದು ಚೀಲದ ಕೆಳಗೆ ಹೋಯಿತು, ಹೋಗಲಿ, ಕಣ್ಣು ಕೈಗೆ ಬಂತು, ಹಿಂದೆ ಮೂರು ವಾಯರು, ಕರುಳಿನಂತೆ, ಬಿಡಿಸಿ ಕಿಸೆಗೆ ಹಾಕಿಕೊಂಡಳು. ಹಳೆಯ ಸ್ವಿಚ್ಚು ಮೊಳೆಗಳ ಡಬ್ಬಿಯಲ್ಲಿತ್ತು, ಕರ್ರಗೆ ದುಂಡಗೆ, ಅದರ ಗುಂಡಿಯ ಒಂದು ಬದಿ ಆಯಿಯ ಹೆಬ್ಬೆರಳಿಗೆ ಸವೆದು ನುಣ್ಣಗಾಗಿದೆ, ಅದನ್ನು ಆಚೆಯ ಬಾಗಿಲ ಹಿಂದೆ ಹಚ್ಚಿದರೆ ಮತ್ತೆ ಕತ್ತಲೆ ದಾಟುವುದೇ, ಬ್ಯಾಡ, ಸೆನ್ಸಾರಿಗೆಂದು ತಾನೇ ಎಳೆದ ವಾಯರು ಈಚೆಯ ಹೊಸ್ತಿಲವರೆಗೆ ಬಂದೇ ಇದೆ, ಇಲ್ಲೇ, ಒಳಗೆ ಕಾಲಿಡುವ ಮೊದಲೇ ಕೈಗೆ ಸಿಗುವಂತೆ, ಆಯಿಯ ಭುಜದ ಎತ್ತರಕ್ಕೆ, ಭುಜ ಎಷ್ಟೆತ್ತರ, ಅವಳಿಗೆ ನೆನಪಾಗಲಿಲ್ಲ, ಹದಿನಾಲ್ಕು ಸಲ ನೋಡಿ ಜೋಡಿಸಿದವಳಿಗೆ ಆಯಿಯ ಎತ್ತರ ನೆನಪಿಲ್ಲ, ಗೋಡೆಗೆ ತಾನೇ ನಿಂತು ಗುರುತು ಹಾಕಿ ಒಂದು ಗೇಣು ಕೆಳಗೆ ಇಳಿಸಿದಳು, ಮೊಳೆ ಬಡಿದಳು, ಎರಡು ತುದಿ ಸುಲಿದು ಕೂಡಿಸಿದಳು, ಟೇಪು ಸುತ್ತಿದಳು, ಮುಗೀತೇನ, ಅಡುಗೆಮನೆಯ ಬಾಗಿಲಲ್ಲಿ ಅವ್ವ, ಮುಗೀತು, ಮೇನ್ ಎತ್ತು. ಫ್ರಿಜ್ಜು ಗುರುಗುಟ್ಟಿತು. ನಡುಮನೆ ಕತ್ತಲಾಗಿಯೇ ಉಳಿಯಿತು. ಅವಳು ಅದರ ನಡುವೆ ಹಾಯ್ದು ಹೋದಳು, ಬಂದಳು, ಏನೂ ಹತ್ತಲಿಲ್ಲ.

ಪಡಸಾಲೆಯ ಬಿಸಿಲು ಯಾವಾಗ ಹೋಯಿತೋ, ಹಿತ್ತಲಲ್ಲಿ ಮೊರ ಸುಮ್ಮನಾಗಿದೆ, ಆಯಿ, ಬಾ, ಗುಂಡಿ ಹಚ್ಚೀನಿ, ಎಂದು ಕೂಗಿದಳು, ಕೂಗಿದ ಮೇಲೆ ಆ ಆರು ಸಲ ಕೂಗಿದ್ದೂ ಇದೇ ದನಿ ಎಂದು ಕಿವಿಗೆ ಗೊತ್ತಾಯಿತು, ಆಯಿ ಬಂದಳು, ಕರೆದರೆ ಬರುತ್ತಾಳೆ ಆಯಿ, ಗೋಡೆ ಹಿಡಿದೇ ಬಂದಳು, ಸೊಂಟ ಬಗ್ಗಿಸಿಯೇ, ಕಣ್ಣಿದ್ದ ಜಾಗದ ಕೆಳಗೆ ಬಂದಾಗ ಇನ್ನೂ ಸ್ವಲ್ಪ ಬಗ್ಗಿದಳು. ತೆಗದೀಯೇನ. ತೆಗದೀನಿ ಆಯಿ, ನೆಟ್ಟಗ ಬಾ. ಎಲ್ಲೈತಿ. ಇಲ್ಲಿ, ಕೈ ಕೊಡ, ಎಂದು ಆಯಿಯ ಕೈ ಹಿಡಿದು ಸ್ವಿಚ್ಚಿನ ಮೇಲೆ ಇಟ್ಟಳು, ಹೆಬ್ಬೆರಳು ತನ್ನ ಸವೆದ ಜಾಗ ಹುಡುಕಿಕೊಂಡಿತು, ಈಗ ಏನಾದರೂ ಹೇಳಬೇಕು, ಆಯಿ ನಾ ತಪ್ಪ ಮಾಡಿದೆ, ಆಯಿ ಆ ಆರು ಸಲ, ಹೇಳುವ ಬದಲು ಭಾಗ್ಯಾ ತಿರುಗಿ ಸ್ವಿಚ್ಚಿನ ಪಕ್ಕದ ಗೋಡೆಗೆ ಮುಖ ಮಾಡಿ ನಿಂತಳು. ಹಂಗ್ಯಾಕ ಗ್ವಾಡಿಗೆ ಮಾರಿ ಮಾಡಿ ನಿಂತೀಬೇ. ನಾ ನೋಡಂಗಿಲ್ಲ ಆಯಿ. ಟಕ್. ಬೆಳಕು ಬಿತ್ತು, ಕೊಟ್ಟ ಮಾತು ನಡೆಯಿತು, ತೊಲೆಯ ಬಲ್ಬು ಎದುರಿಗಿದ್ದ ಆಯಿಯನ್ನು ನೆರಳು ಮಾಡಿ ಭಾಗ್ಯಳ ಕಣ್ಣೆದುರಿನ ಗೋಡೆಯ ಮೇಲೇ ತಂದು ಹಾಕಿತು, ನೋಡುವುದಿಲ್ಲ ಎಂದರೂ ಬಿಡದೆ, ನೆರಳಿನಲ್ಲಿ ಎರಡು ಕೈ ಎದ್ದವು, ಎದೆಯ ಮಟ್ಟಕ್ಕೆ ಬಂದವು, ಅಲ್ಲಿ ನಿಂತವು, ಅವು ಮೇಲೆ ಹೋಗುತ್ತವೋ ಸೆರಗಿಗೆ ಇಳಿಯುತ್ತವೋ ತಿಳಿಯುವ ಮೊದಲೇ ಭಾಗ್ಯಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು, ಮುಚ್ಚಿದ ಕಣ್ಣೊಳಗೆ ಎರಡು ಕೈ, ಎದೆಯ ಮಟ್ಟಕ್ಕೆ, ಎರಡು ಕೈ