ಇಲ್ಲದ ಜ್ವರ

"ಈ ಕತ್ತರಿ ಯಾರದು?"

ನೆವೆನಾ ಅಡುಗೆಮನೆಯ ಬಾಗಿಲಲ್ಲೇ ನಿಂತು ಕೇಳಿದಳು. ಮೇಜಿನ ಮೇಲೆ, ಒಂದೇ ಒಂದು ಮೇಣದಬತ್ತಿ ಚುಚ್ಚಿದ ಕೇಕಿನ ಪಕ್ಕದಲ್ಲಿ, ಬಿಳಿ ಬಟ್ಟೆ ಮಡಿಸಿಟ್ಟು ಅದರ ಮೇಲೆ ಕತ್ತರಿ ಇಟ್ಟಿದ್ದರು. ಹೊಸದು. ಹಿಡಿಗೆ ಕೆಂಪು ರಿಬ್ಬನ್ ಸುತ್ತಿತ್ತು. ಅವಳ ಸೊಂಟದ ಮೇಲಿದ್ದ ದುನ್ಯಾ, ಇವತ್ತಿಗೆ ವರ್ಷ ತುಂಬಿದವಳು, ಆ ರಿಬ್ಬನ್ನಿಗೆ ಕೈ ಚಾಚಿ ಕುಣಿಯುತ್ತಿದ್ದಳು.

"ಕೇಳಿದ್ದು ಕೇಳಿಸ್ತಾ ಅತ್ತೆ?"

ಕೊಸಾರಾ ಒಲೆಯ ಕಡೆಗೇ ಮುಖ ಮಾಡಿಕೊಂಡು ಎಲೆಕೋಸಿನ ಸುರುಳಿಗಳನ್ನು ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸುತ್ತಿದ್ದಳು. "ನಿಂಗೆ ಹೇಳೋಣ ಅಂತ್ಲೇ ಇದ್ವಿ ಕಣೇ. ರಾದೋಸಾವ್ ಧಣಿಗಳು ಬೆಳಿಗ್ಗೆನೇ ಆಳಿನ ಕೈಲಿ ಕಳಿಸಿದ್ರು."

"ನನ್ನ ಮಗಳ ಜವಳಕ್ಕೆ ಧಣಿ ಯಾಕೆ ಕತ್ತರಿ ಕಳಿಸ್ಬೇಕು?"

"ಅವರೇ ಕುಮ ಆಗ್ತಾರೆ. ನಿಮ್ಮ ಮಾವನೇ ಹೋಗಿ ಕೇಳ್ಕೊಂಡ್ರು. ಅಂಥ ದೊಡ್ಡೋರು ನಮ್ಮನೆಗೆ ಬರೋಕೆ ಒಪ್ಪಿದ್ದೇ ಹೆಚ್ಚು."

ನೆವೆನಾ ಗಂಡನ ಕಡೆ ತಿರುಗಿದಳು. ರಾಶ್ಕೊ ಕಿಟಕಿಯ ಹತ್ತಿರ ಪ್ಲಮ್ ಸಾರಾಯಿಯನ್ನು ಸಣ್ಣ ಬಾಟಲಿಗಳಿಗೆ ತುಂಬುತ್ತಿದ್ದ. ಅವಳ ಕಣ್ಣು ತಪ್ಪಿಸಿ ಇನ್ನೊಂದು ಬಾಟಲಿಗೆ ಬಿರಡೆ ಒತ್ತಿದ. ಅಂದರೆ ಅವನಿಗೂ ಗೊತ್ತಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

ಲಿಮ್ ನದಿಯ ಈ ದಂಡೆಯಲ್ಲಿ ಮಗುವಿನ ತಲೆಗೆ ವರ್ಷದವರೆಗೆ ಕತ್ತರಿ ತಾಗಿಸುವುದಿಲ್ಲ. ಮೊದಲ ಹುಟ್ಟುಹಬ್ಬದ ದಿನ ಕುಮ, ಅಂದರೆ ಮನೆಯವರು ಆರಿಸಿಕೊಂಡ ಧರ್ಮಬಂಧು, ಬಂದು ಮೂರು ಕಡೆ ಕೂದಲು ತೆಗೆದರೆ ಆಯಿತು. ಅಲ್ಲಿಂದ ಅವನು ಆ ಮನೆಗೆ ಒಡಹುಟ್ಟಿದವನಿಗಿಂತ ಹೆಚ್ಚು. ಜಗಳ ಬಂದರೂ ಆ ನಂಟು ಹರಿಯುವಂತಿಲ್ಲ. ಒಮ್ಮೆ ಬಾಯಿಬಿಟ್ಟು ಒಬ್ಬನನ್ನು ಕುಮನಾಗು ಎಂದು ಕೇಳಿದ ಮೇಲೆ ಬೇಡ ಎನ್ನುವಂತಿಲ್ಲ, ಕೇಳಿಸಿಕೊಂಡವನೂ ಒಲ್ಲೆ ಎನ್ನುವಂತಿಲ್ಲ. ಕುಮ ಅಂದರೆ ಅಂಗಿಯ ಗುಂಡಿಯಲ್ಲ, ಬೇಕಾದಾಗ ಕಿತ್ತು ಬೇರೆ ಹೊಲಿಯುವುದಕ್ಕೆ ಎಂದು ಈ ಕಡೆಯ ಮುದುಕರು ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಮಾವ ತಿಹೊಮಿರನ ದನಿಯೇ ದೊಡ್ಡದು.

ದುನ್ಯಾಳ ಕೂದಲು ತೆಗೆಯಲು ಒಬ್ಬನನ್ನು ಆಗಲೇ ಕೇಳಿಯಾಗಿತ್ತು. ಕೇಳಿದವನು ರಾಶ್ಕೊನೇ. ಹೋದ ವರ್ಷ ಇದೇ ಫೆಬ್ರವರಿಯಲ್ಲಿ, ಹಿಮ ಬಿದ್ದು ದಾರಿಯೆಲ್ಲ ಮುಚ್ಚಿಹೋಗಿದ್ದಾಗ, ಆಂಬ್ಯುಲೆನ್ಸ್ ಬರುವುದಿಲ್ಲ ಎಂದಾಗ, ಎದುರುಮನೆಯ ಫೆಹಿಮ್ ತನ್ನ ಬ್ರೆಡ್ಡಿನ ವ್ಯಾನಿನ ಚಕ್ರಗಳಿಗೆ ಜಾರದಂತೆ ಸರಪಳಿ ಕಟ್ಟಿಕೊಂಡು, ಹೆರಿಗೆ ನೋವು ಬಂದಿದ್ದ ನೆವೆನಾಳನ್ನು ಆಸ್ಪತ್ರೆಗೆ ಹೊರಡಿಸಿದ್ದ. ದಾರಿಯ ಸುರಂಗದ ಬಾಯಲ್ಲಿ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ದುನ್ಯಾ ಅಲ್ಲೇ, ಬ್ರೆಡ್ಡಿನ ಹಲಗೆಗಳ ನಡುವೆ, ಫೆಹಿಮನ ಹೆಂಡತಿ ಶೆಮ್ಸಾಳ ಕೈಗೆ ಬಿದ್ದಳು. ರಾಶ್ಕೊ ಹಿಮದಲ್ಲಿ ಮಂಡಿಯೂರಿ ಗಳಗಳ ಅತ್ತು, "ಇವಳ ಕೂದಲು ನಿಂದೇ ಫೆಹಿಮಣ್ಣ, ಬೇರೆ ಯಾರೂ ಮುಟ್ಟೋ ಹಾಗಿಲ್ಲ" ಎಂದಿದ್ದ. ಫೆಹಿಮ್ ಮಸೀದಿಯವನು, ಇವರು ಚರ್ಚಿನವರು. ನಾಮಕರಣದ ಕುಮ ತಮ್ಮ ಮತದವನೇ ಆಗಬೇಕು, ಜವಳಕ್ಕೆ ಆ ಕಟ್ಟಿಲ್ಲ. ಹಿಂದೆ ಹೊಡೆದಾಡಿಕೊಂಡ ಮನೆಗಳೂ ಒಂದು ಮಗುವಿನ ಕೂದಲು ಕತ್ತರಿಸಿ ನಂಟರಾದದ್ದುಂಟು.

"ಫೆಹಿಮಣ್ಣಂಗೆ ಏನು ಹೇಳಿದೆ?" ಎಂದು ಅವಳು ಕೇಳಿದಳು.

"ಮಾತಾಡಿದ್ದೀನಿ. ಅವನಿಗೇನೂ ಬೇಜಾರಿಲ್ಲ."

"ಏನಂತ ಮಾತಾಡಿದೆ?"

"ಮಾತಾಡಿದ್ದೀನಿ ಅಂದ್ನಲ್ಲ ನೆವೆನಾ! ಧಣಿಗಳ ಗರಗಸದ ಮಿಲ್ಲಿನಲ್ಲಿ ಮೇಸ್ತ್ರಿ ಕೆಲಸ ಖಾಲಿ ಇದೆ. ಅಪ್ಪ ನಮ್ಮ ಒಳ್ಳೇದಕ್ಕೇ ಮಾಡಿದ್ದು. ಇವತ್ತೊಂದಿನ ತಡ್ಕೋ."

"ಹೊಳೆ ದಾಟಿದ್ಮೇಲೆ ಅಂಬಿಗನ ಹಂಗ್ಯಾಕೆ, ಅಲ್ವಾ?"

ರಾಶ್ಕೊ ಮತ್ತೊಂದು ಬಾಟಲಿ ತೆಗೆದುಕೊಂಡ. ಅಷ್ಟರಲ್ಲಿ ನೆಂಟರು ಬರತೊಡಗಿದರು. ಮನೆ ತುಂಬ ಒದ್ದೆ ಬೂಟು, ಕೋಟು, ಹೊಗೆ. ಎಲ್ಲರೂ ದುನ್ಯಾಳ ಕೆನ್ನೆ ಹಿಂಡಿದರು, ಎಲ್ಲರೂ "ಅಯ್ಯೋ ಅಜ್ಜನ ಮೂಗು" ಎಂದರು. ದುನ್ಯಾ ಎರಡು ವಾರದಿಂದ ನಡೆಯುತ್ತಿದ್ದಳು; ಯಾರ ಕೈಗೂ ಸಿಗದೆ, ಕುರ್ಚಿಯಿಂದ ಕುರ್ಚಿಗೆ, ಕುಡಿದವಳಂತೆ ಓಲಾಡುತ್ತ ಓಡಿದಳು. ನೆವೆನಾ ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿ ಕುಕ್ಕಿ ಇಟ್ಟಳು. ಒಂದು ಒಡೆಯಿತು. "ಒಡೆದ್ರೆ ಒಳ್ಳೇದು, ದೃಷ್ಟಿ ಹೋಯ್ತು" ಎಂದು ಯಾರೋ ನಕ್ಕರು.

ಧಣಿ ರಾದೋಸಾವ್ ಬಂದಾಗ ತಿಹೊಮಿರ್ ಅಂಗಳಕ್ಕೇ ಓಡಿದ. ಕತ್ತಿಗೆ ಟೈ ಬಿಗಿದುಕೊಂಡು ಮುಖ ಕೆಂಪಗಾಗಿತ್ತು. ಧಣಿ ಕೆಟ್ಟ ಮನುಷ್ಯನೇನಲ್ಲ, ದಪ್ಪನೆ ಆಸಾಮಿ, ಮೇಜಿನ ತಲೆಗೆ ಕೂತು ಚಿನ್ನದ ನಾಣ್ಯದ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟು, "ಎಲ್ಲಿ ನಮ್ಮ ರಾಜಕುಮಾರಿ?" ಎಂದ. ಹೋದ ವರ್ಷ ಸೊಸೆಗೆ ನೋವು ಬಂದಾಗ ಇದೇ ತಿಹೊಮಿರ್ ಜೀಪಿಗಾಗಿ ಇವನಿಗೆ ಫೋನು ಮಾಡಿದ್ದ; ಧಣಿಗಳು ಮಲಗಿದ್ದಾರೆ ಎಂದು ಆಳು ಫೋನಿಟ್ಟಿದ್ದ. ಅದನ್ನು ನೆನೆಸಿಕೊಂಡವಳು ಆ ಕೋಣೆಯಲ್ಲಿ ನೆವೆನಾ ಒಬ್ಬಳೇ.

ಆಗ ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು. ನೆವೆನಾಳೇ ಹೋಗಿ ತೆಗೆದಳು.

ಶೆಮ್ಸಾ ನಿಂತಿದ್ದಳು. ಮನೆಯ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಬಂದಿದ್ದಳು. ಕೈಯಲ್ಲಿ ಟವೆಲು ಸುತ್ತಿದ ಪಾತ್ರೆ.

"ಕೋಳಿ ಸಾರು ಕಣೇ, ಖಾರ ಹಾಕಿಲ್ಲ. ಒಳಗೆ ಬರಲ್ಲ, ಮಗು ಮಲಗಿರುತ್ತೆ. ನಿಮ್ಮನೆಗೆ ಜನ ಬರ್ತಿರೋದು ನೋಡಿ ಜೀವ ಹಾರಿತು. ಈಗ ಎಷ್ಟಿದೆ?"

"ಏನೆಷ್ಟಿದೆ ಶೆಮ್ಸಕ್ಕ?"

"ಜ್ವರ! ರಾಶ್ಕೊ ನಿನ್ನೆ ಬಂದು ಹೇಳಿದ್ನಲ್ಲ, ಮೈ ಕೆಂಡ ಆಗಿದೆ, ಹುಟ್ಟುಹಬ್ಬ ಮುಂದಕ್ಕೆ ಹಾಕಿದ್ದೀವಿ ಅಂತ. ನಮ್ಮೋನು ರಾತ್ರಿ ಉಂಡಿಲ್ಲ. ಅವನ ಪೆದ್ದುತನಕ್ಕೆ ಏನನ್ಲಿ..."

ಒಳಗಿನಿಂದ ನಗು ಕೇಳಿಸಿತು, ಅಕಾರ್ಡಿಯನ್ನಿನವನು ಶ್ರುತಿ ನೋಡಿದ. ದುನ್ಯಾ ತಾಯಿಯ ಕಾಲಿನ ಸಂದಿಯಿಂದ ತಲೆ ಹಾಕಿ, ಶೆಮ್ಸಾಳನ್ನು ನೋಡಿ ಕೇಕೆ ಹಾಕಿದಳು. ಹೊಸ ಬಿಳಿ ಗೌನು, ಹೊಸ ಬೂಟು, ಮುಖದ ತುಂಬ ಕೇಕಿನ ಕೆನೆ.

ಶೆಮ್ಸಾ ಮಗುವನ್ನು ನೋಡಿದಳು. ಆಮೇಲೆ ಅದರ ತಲೆಯ ಮೇಲಿಂದ ಕೋಣೆಯೊಳಗೆ, ಮೇಜಿನ ತಲೆಗೆ ಕೂತಿದ್ದ ಧಣಿಯನ್ನು, ಮುಂದಿದ್ದ ಕತ್ತರಿಯನ್ನು ನೋಡಿದಳು.

"ಓ," ಎಂದಳು. "ಹುಷಾರಾಗಿದೆ. ಒಳ್ಳೇದಾಯ್ತು." ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹಿಂತಿರುಗಿ ನೋಡದೆ ನಡೆದಳು.

ಮಾತು ತಪ್ಪಿದ್ದೇ ಒಂದು ತಪ್ಪು. ಅದನ್ನು ಮುಚ್ಚಲು ನೆವೆನಾಳ ಮಗುವಿನ ಮೈಗೇ ರೋಗ ಅಂಟಿಸಿದ್ದರು! ಹುಟ್ಟುಹಬ್ಬದ ಹಿಂದಿನ ದಿನ, ಹೆತ್ತ ಅಪ್ಪ, ತನ್ನ ಬಾಯಾರೆ. ಶತ್ರುವೂ ಅಂಥ ಮಾತನ್ನು, ನಿಜವಾಗದಿರಲಿ ಎಂದು ನೆಲಕ್ಕೆ ಉಗಿದೇ ಆಡುತ್ತಾನೆ. ಅವಳು ಮಗುವನ್ನು ಎತ್ತಿಕೊಂಡು ಕೋಣೆಯ ನಡುವೆ ಬಂದು ನಿಂತಳು.

"ಯಾರಿಗೆ ಜ್ವರ, ರಾಶ್ಕೊ?"

ಅಕಾರ್ಡಿಯನ್ ನಿಂತಿತು.

"ನಿನ್ನ ಮಗಳ ಮೈ ಮುಟ್ಟಿ ನೋಡಿ ಹೇಳು. ಎಷ್ಟಿದೆ ಜ್ವರ? ನಿಂಗೆ ಸುಳ್ಳು ಹೇಳೋಕೆ ಇವಳ ಮೈನೇ ಬೇಕಾಗಿತ್ತಾ? ನಿನ್ನ ಕಾಲು ಮುರೀತು ಅನ್ಬೇಕಾಗಿತ್ತು, ನಿಮ್ಮಪ್ಪ ಸತ್ತ ಅನ್ಬೇಕಾಗಿತ್ತು!"

"ನೆವೆನಾ!" ಎಂದು ತಿಹೊಮಿರ್ ಮೇಜು ಗುದ್ದಿದ. "ನೆಂಟರ ಮುಂದೆ ನಾಲಿಗೆ ಹಿಡಿದು ಮಾತಾಡು."

"ನಾಲಿಗೆ ಹಿಡೀಬೇಕಾದೋರು ನೀವು ಮಾವ. ಕೊಟ್ಟ ಮಾತು ಹಿಡೀಲಿಲ್ಲವಲ್ಲ, ಅದಕ್ಕೆ."

ಕೊಸಾರಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಮನೆಗೆ ಬಂದ ಕುಮನ್ನ ವಾಪಸ್ ಕಳಿಸ್ತೀಯೇನೇ ಪಾಪಿ! ಮಗುಗೆ ತಟ್ಟುತ್ತೆ ಕಣೇ!"

"ಕುಮನ್ನ ವಾಪಸ್ ಕಳಿಸಿದ್ದು ನೀವು, ನಿನ್ನೆ. ನಾನು ಕರ್ಕೊಂಡು ಬರೋಕೆ ಹೋಗ್ತಿದ್ದೀನಿ." ಅವಳು ಧಣಿಯ ಕಡೆ ತಿರುಗಿದಳು. "ನಿಮ್ಮದೇನೂ ತಪ್ಪಿಲ್ಲ. ನಿಮ್ಮನ್ನೂ ಮೋಸದಲ್ಲೇ ಕರೆಸಿದ್ದಾರೆ. ಊಟ ಮಾಡ್ಕೊಂಡು ಹೋಗಿ."

"ತಿಹೊಮಿರ್, ಇನ್ನೊಬ್ಬನಿಗೆ ಕೇಳಿ ಆಗಿತ್ತಾ?" ಎಂದು ಧಣಿ ನಿಧಾನವಾಗಿ ಕೇಳಿದ. ತಿಹೊಮಿರ್ ಏನು ಉತ್ತರ ಕೊಟ್ಟನೋ ನೆವೆನಾ ನಿಂತು ಕೇಳಲಿಲ್ಲ. ಗೋಡೆಯ ಮೇಲಿದ್ದ ಗಂಡನ ಕೋಟನ್ನೇ ಕಿತ್ತು ಮಗುವಿಗೆ ಸುತ್ತಿ ಹೊರಗೆ ಬಂದಳು.

ಫೆಹಿಮ್ ತನ್ನ ಅಂಗಳದಲ್ಲಿ ವ್ಯಾನಿನ ಕೆಳಗಿದ್ದ. ರಟ್ಟಿನ ಮೇಲೆ ಬೆನ್ನು ಹಾಕಿ ಮಲಗಿದ್ದವನು, ಹಿಮದಲ್ಲಿ ಅವಳ ಕಾಲು ಕಂಡು ತೆವಳಿಕೊಂಡು ಹೊರಗೆ ಬಂದ. ಎರಡೂ ಕೈಗೆ ಗ್ರೀಸು. ಅವನು ಮೊದಲು ಮಾಡಿದ ಕೆಲಸವೆಂದರೆ, ಮೊಣಕೈ ಮಡಿಸಿ, ತೋಳಿನ ಶುದ್ಧವಾದ ಭಾಗವನ್ನು ಮಗುವಿನ ಹಣೆಗೆ ಒತ್ತಿದ್ದು.

"ಇಳಿದಿದೆಯಲ್ಲ. ಯಾಕಮ್ಮ ಇದನ್ನ ಚಳಿಗೆ ತಂದೆ?"

ಬಾಗಿಲಲ್ಲಿ ನಿಂತಿದ್ದ ಶೆಮ್ಸಾ ಹೇಳಿದಳು.

"ಜ್ವರನೇ ಇರ್ಲಿಲ್ವಂತೆ ಕಣ್ರೀ. ಅಲ್ಲಿ ಅಕಾರ್ಡಿಯನ್ ನುಡಿಸ್ತಿದ್ದಾರೆ. ಧಣಿ ಕೂತಿದ್ದಾನೆ, ಕತ್ತರಿ ಮುಂದಿಟ್ಕೊಂಡು. ನೀವು ಊಟ ಬಿಡಿ, ಇನ್ನೂ ಎರಡು ದಿನ ಬಿಡಿ!" ಅವಳು ಎರಡೂ ಅಂಗೈ ಮುಂದೆ ಚಾಚಿದಳು. "ಇವಳನ್ನ ಈ ಕೈಲಿ ಹಿಡಿದಿದ್ದೆ ನಾನು. ನಿಜ ಹೇಳಿದ್ರೆ ನಾವೇನು ತಿಂದುಬಿಡ್ತಿದ್ವಾ?"

"ಕತ್ತರಿ ತಗೊಂಡ್ಬಾ ಅಣ್ಣ," ಎಂದಳು ನೆವೆನಾ. "ಈಗ್ಲೇ, ಇಲ್ಲೇ."

ಫೆಹಿಮ್ ತುಂಬ ಹೊತ್ತು ಚಿಂದಿಯಲ್ಲಿ ಕೈ ಒರೆಸಿಕೊಂಡ. ಸಿಟ್ಟು ಅವನಿಗೂ ಬಂದಿತ್ತು.

"ಕತ್ತರಿ ಕೊಂಡಿಟ್ಟು ತಿಂಗಳಾಯ್ತು ತಂಗೀ. ಆದ್ರೆ ನಂಗೆ ಮಾತು ಕೊಟ್ಟೋನು ನಿನ್ನ ಗಂಡ. ಹೆಂಗಸು ಅತ್ಕೊಂಡು ಬಂದ್ಲು ಅಂತ ಕದ್ದು ಕೂದಲು ಕತ್ತರಿಸಲಾ? ನಾಳೆ ನಿಮ್ಮ ಮಾವ ಊರೆಲ್ಲ ಏನಂತಾನೆ?"

"ನಾನು ಅಳ್ತಿಲ್ಲ," ಎಂದಳು ನೆವೆನಾ. ನಿಜವೇ, ಅವಳ ಕಣ್ಣು ಒಣಗಿತ್ತು.

ರಸ್ತೆಯ ಆಚೆ ಬಾಗಿಲು ಬಡಿಯಿತು. ರಾಶ್ಕೊ ಕೋಟಿಲ್ಲದೆ, ಅಂಗಿಯಲ್ಲೇ ಬರುತ್ತಿದ್ದ. ಅವನ ಹಿಂದೆ ಜಗಲಿಯ ಮೇಲೆ ಟೈ ಕಟ್ಟಿದ ತಿಹೊಮಿರ್. "ಕರ್ಕೊಂಡು ಬಾ ಅವಳನ್ನ!" ಎಂದು ಕೂಗುತ್ತಿದ್ದ. "ಧಣಿ ಎದ್ದು ನಿಂತಿದ್ದಾರೆ, ಬೇಗ!"

ರಾಶ್ಕೊ ಗೇಟಿನ ಹತ್ತಿರ ನಿಂತ. "ಬಾ ನೆವೆನಾ. ಮನೆಗೆ ಹೋಗಿ ಮಾತಾಡೋಣ."

"ಇಲ್ಲೇ ಮಾತಾಡು. ಅವತ್ತು ಸುರಂಗದ ಹತ್ರ ಇವರ ಕಾಲು ಹಿಡ್ಕೊಂಡು ಮಾತಾಡಿದ್ಯಲ್ಲ, ಆಗ ಮನೆ ಬೇಕಾಗಿರ್ಲಿಲ್ಲ."

"ನಿಂಗೆ ಗೊತ್ತಾಗಲ್ಲ..."

"ನಂಗೆ ಎಲ್ಲ ಗೊತ್ತಾಗಿದೆ. ಇವಳನ್ನ ಕರ್ಕೊಂಡು ಹೋಗೋಕೆ ಬಂದಿದ್ರೆ ನಿಂತ ಕಾಲಲ್ಲೇ ವಾಪಸ್ ಹೋಗು. ಧಣಿ ಕೈಲಿ ನಿನ್ನ ತಲೆ ಬೋಳಿಸ್ಕೋ."

ಫೆಹಿಮ್ ಬೈದಿದ್ದರೆ ರಾಶ್ಕೊನಿಗೆ ಸುಲಭವಾಗುತ್ತಿತ್ತು. ಅವನು ಬಕೆಟ್ಟಿನ ನೀರಲ್ಲಿ ಸೋಪು ಹಾಕಿಕೊಂಡು ಕೈ ತೊಳೆಯತೊಡಗಿದ, ಬೆರಳು ಬೆರಳಿನ ಸಂದಿಯನ್ನೂ ಉಜ್ಜಿ. ಆ ಚಳಿಯಲ್ಲಿ ಅವನ ಕೈಯಿಂದ ಹಬೆ ಏಳುತ್ತಿತ್ತು. ಕೂದಲು ಕತ್ತರಿಸಲಿಕ್ಕೆ ತೊಳೆಯುತ್ತಿದ್ದಾನೋ, ಇವರನ್ನು ಕಳಿಸಿ ಊಟಕ್ಕೆ ಕೂರಲಿಕ್ಕೋ ಹೇಳುವಂತಿರಲಿಲ್ಲ.

"ರಾಶ್ಕೊ! ಸತ್ತೋದ್ಯೇನೋ ಅಲ್ಲಿ?" ಎಂದು ಜಗಲಿಯಿಂದ ದನಿ ಬಂತು.

ರಾಶ್ಕೊ ತಂದೆಯ ಕಡೆ ತಿರುಗಿದ. ಮೂವತ್ತು ದಾಟಿದ ಗಂಡಸು, ಕಿವಿಯೆಲ್ಲ ಕೆಂಪಾಗಿ ಗಡಗಡ ನಡುಗುತ್ತಿದ್ದ.

"ಮಗುಗೆ ಜ್ವರ ಇರ್ಲಿಲ್ಲ!" ಎಂದು ಕೂಗಿದ. ಅಕ್ಕಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ. "ನಾನೇ ಸುಳ್ಳು ಹೇಳಿದ್ದು! ಕುಮ ಇಲ್ಲಿದ್ದಾನೆ ಅಪ್ಪ. ಧಣಿಗಳಿಗೆ ಹೇಳ್ಬಿಡಿ, ಮೇಸ್ತ್ರಿ ಕೆಲಸ ಯಾರಿಗೆ ಬೇಕೋ ಕೊಡ್ಲಿ!"

ತಿಹೊಮಿರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಧಣಿಯ ಜೀಪು ಹೊರಟ ಸದ್ದು ಕೇಳಿಸಿತು.

ಫೆಹಿಮ್ ಟವೆಲಿಗೆ ಕೈ ಒರೆಸಿ, "ಶೆಮ್ಸಾ, ಕತ್ತರಿ" ಎಂದ.

ಅಂಗಳದಲ್ಲೇ ನಡೆಯಿತು. ಒಳಗೆ ಬನ್ನಿ ಎಂದು ಶೆಮ್ಸಾ ಕರೆಯಲಿಲ್ಲ. ಅಷ್ಟು ಬೇಗ ಅವಳ ಸಿಟ್ಟು ಇಳಿಯುವಂಥದ್ದಲ್ಲ. ರಾಶ್ಕೊ ಮಗುವಿಗಾಗಿ ಕೈ ಚಾಚಿದ. ನೆವೆನಾ ಕೊಡಲಿಲ್ಲ, ಪಕ್ಕಕ್ಕೆ ತಿರುಗಿ ನಿಂತಳು. ಈ ಮನುಷ್ಯನ ಮಾತನ್ನು ಇನ್ನು ಯಾವತ್ತಾದರೂ ಎರಡನೇ ಸಲ ಕೇಳದೆ ನಂಬುತ್ತೇನೆಯೇ ಎಂದು ಅವಳಿಗೇ ಗೊತ್ತಿರಲಿಲ್ಲ. ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ರಾಶ್ಕೊ ಅವನ್ನು ಜೋಡಿಸಿ, ಮಗುವಿನ ತಲೆಯ ಕೆಳಗೆ ಬೊಗಸೆ ಹಿಡಿದ.

"ಒಂದೆಳೆ ನೆಲಕ್ಕೆ ಬಿದ್ರೂ ನೋಡು," ಎಂದಳು ನೆವೆನಾ.

ಫೆಹಿಮ್ ದುನ್ಯಾಳ ಕಿವಿಯ ಹಿಂದಿನ ಕೂದಲನ್ನು ಎರಡು ಬೆರಳಲ್ಲಿ ಎತ್ತಿದ. ಬಿಳಿ ಹಿಮದ ಬೆಳಕಿನಲ್ಲಿ ಅದು ಮುಸುಕಿನ ಜೋಳದ ತೆನೆಯ ರೇಷ್ಮೆಯ ಹಾಗಿತ್ತು. ಕತ್ತರಿ ಕಚ್ ಎಂದಿತು. ಬೊಗಸೆಗೆ ಬಿದ್ದ ಕೂದಲು ಗಾಳಿಗೆ ಅಲುಗಿತು. ರಾಶ್ಕೊ ಉಸಿರು ಬಿಗಿಹಿಡಿದು, ಅದರ ಮೇಲೆ ಬಗ್ಗಿ ನಿಂತ.