ಅಮ್ಮನಿಗಾಗಿ ಸಡಿಲಿಸಿದ ಬೀಗ

ಬೀಗ ರಿಪೇರಿಯವನ ಅಮ್ಮನಿಗೆ ಮಗನ ಹೆಸರು ಮರೆತಿತ್ತು, ಉಂಡದ್ದು ಮರೆಯುತ್ತಿತ್ತು, ಬೀಗ ತೆಗೆಯುವುದು ಮಾತ್ರ ಮರೆತಿರಲಿಲ್ಲ. ಮರೆಯುವುದಾದರೂ ಹೇಗೆ? ಅಂಗಡಿ ಕಟ್ಟಿದವಳೂ ಅವಳೇ, ಮಗನಿಗೆ ಕಸುಬು ಕಲಿಸಿದವಳೂ ಅವಳೇ. ಮನೆ ಅಂಗಡಿಯ ಮೇಲೆಯೇ ಇತ್ತು. ಒಳಗಿನಿಂದಲೂ ಕೀಲಿ ಬೇಕಾಗುವ ಬೀಗ ಹಾಕಿ ಮಗ ಕೆಳಗಿಳಿದರೆ, ಎರಡು ಹೇರ್‌ಪಿನ್ನಿನಲ್ಲಿ ಅದನ್ನು ತೆಗೆದು ಬೀದಿಗೆ ಹೊರಟೇಬಿಡುತ್ತಿದ್ದಳು. ಮೊನ್ನೆ ಲಾರಿಯಡಿ ಸಿಗುವುದು ಕೂದಲೆಳೆಯಲ್ಲಿ ತಪ್ಪಿತ್ತು.

ಹಿಂದೆ ಅವಳೇ ಹೇಳಿಕೊಟ್ಟಿದ್ದಳು: "ಒಳಗೆ ಐದು ಕಡ್ಡಿ ಇರ್ತವೆ ಕಣೋ. ಕೀಲಿ ಐದನ್ನೂ ಅಳತೆಗೆ ಎತ್ತಿದ್ರೆ ಅದು ತೂರಿದ ಕೊಳವೆ ತಿರುಗುತ್ತೆ. ಆದ್ರೆ ಆ ಕಡ್ಡಿಗಳ ಐದು ತೂತೂ ಒಂದೇ ಸಾಲಿಗೆ ಕೊರೆಯೋಕೆ ಯಾರಪ್ಪನಿಂದಲೂ ಆಗಲ್ಲ. ಒಂದು ಪಿನ್ನಲ್ಲಿ ಕೊಳವೇನ ಚೂರು ತಿರುಚಿ ಹಿಡ್ಕೊ, ಒಂದು ಕಡ್ಡಿ ಮೊದ್ಲು ಬಿಗಿಯುತ್ತೆ. ಇನ್ನೊಂದು ಪಿನ್ನಲ್ಲಿ ಅದನ್ನ ಎತ್ತಿ ಕೂರಿಸಿ ಮುಂದಿನದಕ್ಕೆ ಹೋಗು. ಮದುವೆ ಮಾತುಕತೇಲಿ ಮುನಿಸಿಕೊಂಡ ನೆಂಟರನ್ನ ಒಬ್ಬೊಬ್ಬರಾಗಿ ಒಪ್ಪಿಸಲ್ವಾ, ಹಾಗೆ."

ಮಗ ಹಟಕ್ಕೆ ಬಿದ್ದು ಮನೆ ಬೀಗದ ಕಡ್ಡಿಗಳ ಸೊಂಟ ಅರದಲ್ಲಿ ಸವೆಸಿದ. ಅಂಥ ಕಡ್ಡಿ ಕೂತಂತೆ ನಟಿಸಿ ನಡುವೆ ಸಿಕ್ಕಿಕೊಳ್ಳುತ್ತದೆ, ಪಳಗಿದ ಕಳ್ಳನೂ ಸುಸ್ತಾಗುತ್ತಾನೆ. ಮಧ್ಯಾಹ್ನದೊಳಗೆ ಅಮ್ಮ ಅಂಗಡಿ ಮುಂದೆ ನಿಂತಿದ್ದಳು. "ಏನಪ್ಪಾ ಮೇಸ್ತ್ರಿ, ಇದೂ ಒಂದು ಬೀಗಾನಾ?" ಅವನಿಗೆ ಮೈಯೆಲ್ಲ ಉರಿಯಿತು. ಒಳಗೊಳಗೇ ಹೆಮ್ಮೆಯೂ ಆಯಿತು.

ಆಮೇಲೊಂದು ದಿನ ಅವಳು ಕೆಳಗೆ ಬರಲೇ ಇಲ್ಲ. ಗಾಬರಿಯಿಂದ ಮೇಲೆ ಹೋಗಿ ನೋಡಿದರೆ ಬಾಗಿಲ ಬುಡದಲ್ಲಿ ಕೂತು ಅಳುತ್ತಿದ್ದಳು. ಕೈಯಲ್ಲಿ ಸೊಟ್ಟಗಾದ ಪಿನ್ನು.

"ಯಾವ ಕಡ್ಡಿ ಬಿಗೀತಿದೆ ಅಂತಾನೇ ತಿಳೀತಿಲ್ಲಪ್ಪಾ."

ಇನ್ನು ಲಾರಿಯ ಭಯವಿಲ್ಲ. ಇಷ್ಟು ದಿನ ಅವನು ಬಯಸಿದ್ದೂ ಇದನ್ನೇ. ಆದರೂ ಅವನು ಅಂದೇ ಬೀಗ ಬಿಚ್ಚಿದ. ಸೊಂಟ ಸವೆಸಿದ ಕಡ್ಡಿ ತೆಗೆದು ಮಾಮೂಲಿಯವನ್ನು ಹಾಕಿದ. ಅವಳ ಕೈಲಿ ಆಗಲಿಲ್ಲ. ಎರಡು ಕಡ್ಡಿ ಕಿತ್ತ. ಆಗಲೂ ಆಗಲಿಲ್ಲ. ಕೊನೆಗೆ ಎಲ್ಲವನ್ನೂ ಕಿತ್ತು ಬೀಗ ಖಾಲಿ ಮಾಡಿದ. ಈಗ ಪಿನ್ನು ತೂರಿಸಿ ಸುಮ್ಮನೆ ತಿರುಗಿಸಿದರೂ ಸಾಕಿತ್ತು. ಅವಳು ಹೊರಬಂದರೆ ಕೈಹಿಡಿದು ಬೀದಿ ಸುತ್ತಿಸಿಕೊಂಡು ಬರೋಣವೆಂದು ಅಂಗಡಿ ಮುಚ್ಚಿ ಮೆಟ್ಟಿಲ ಮೇಲೆ ಕಾದು ನಿಂತ.

ಒಳಗೆ ಪಿನ್ನು ಬಹಳ ಹೊತ್ತು ಕೆರೆಯಿತು. ಕೀಲಿ ತೂತಿನ ಸುತ್ತ ಕೆರೆಯಿತೇ ಹೊರತು ತೂತಿಗೆ ಇಳಿಯಲಿಲ್ಲ. ಆಮೇಲೆ ಬಾಗಿಲು ತಟ್ಟಿದ ಸದ್ದು.

"ಹೊರಗೆ ಯಾರಾದ್ರೂ ಇದ್ದೀರಾ? ಕೆಳಗೆ ಅಂಗಡೀಲಿ ನನ್ನ ಮಗ ಇದ್ದಾನೆ, ಚೂರು ಕರೀರಿ. ಅವನು ತೆಗೀದೇ ಇರೋ ಬೀಗ ಇಲ್ಲ."

"ಕರೀತೀನಮ್ಮಾ," ಎಂದ ಅವನು. ಅಲ್ಲಿಂದ ಕದಲಲಿಲ್ಲ.